ಬ್ರಂಟ್‌ಲ್ಯಾಂಡ್: ವರದಿ ಮತ್ತು ಅಣೆಕಟ್ಟು



‘ಸುಸ್ಥಿರ ಅಭಿವೃದ್ಧಿ’ ಎಂಬ ಮಾತು ಇಂದು ಅಣೆಕಟ್ಟು ಕಟ್ಟುವವರ ಬಾಯಲ್ಲೂ ಇದೆ, ಅದನ್ನು ವಿರೋಧಿಸುವವರ ಬಾಯಲ್ಲೂ ಇದೆ. ಇದಕ್ಕೆ ಜಗತ್ತಿನಾದ್ಯಂತ ಚಲಾವಣೆ ದೊರಕಿಸಿದವರು ನಾರ್ವೆಯ ಲೇಬರ್ ಪಕ್ಷದ ನಾಯಕಿ ಗ್ರೋ ಹಾರ್ಲೆಮ್ ಬ್ರಂಟ್‌ಲ್ಯಾಂಡ್.

1939ರಲ್ಲಿ ಜನಿಸಿದ ಅವರು ವೃತ್ತಿಯಿಂದ ವೈದ್ಯೆ. 1974ರಲ್ಲಿ ಪರಿಸರ ಸಚಿವೆಯಾದರು. 1981ರಲ್ಲಿ ದೇಶದ ಪ್ರಥಮ ಮಹಿಳಾ ಪ್ರಧಾನಿಯಾದರು. 1986ರಲ್ಲಿ ಮರಳಿ ಅಧಿಕಾರಕ್ಕೆ ಬಂದಾಗ ಅವರ ಸಂಪುಟದ 18 ಮಂದಿಯಲ್ಲಿ 8 ಮಂದಿ ಮಹಿಳೆಯರಿದ್ದರು.

ಆದರೆ ಅವರ ಪಕ್ಷದ ಸರ್ಕಾರವೇ ಆಲ್ಟಾ ನದಿಗೆ ಜಲವಿದ್ಯುತ್ ಅಣೆಕಟ್ಟು ಕಟ್ಟಲು ಹೊರಟಿತ್ತು. ಹಿಮಸಾರಂಗಗಳ ಮೇವಿನ ನೆಲೆಗೆ ಧಕ್ಕೆಯೆಂದು ಮೂಲನಿವಾಸಿ ಸಾಮಿಗಳು ಪ್ರತಿಭಟಿಸಿದರು, 1979ರಲ್ಲಿ ಉಪವಾಸ ಕುಳಿತರು. 1981ರ ಜನವರಿಯಲ್ಲಿ ನೂರಾರು ಪೊಲೀಸರು ಧರಣಿನಿರತರನ್ನು ಎತ್ತಿ ಸಾಗಿಸಿದರು. ಮರುತಿಂಗಳು ಬ್ರಂಟ್‌ಲ್ಯಾಂಡ್ ಪ್ರಧಾನಿಯಾದ ಕೂಡಲೇ ಸಾಮಿ ಮಹಿಳೆಯರು ಅವರ ಕಚೇರಿಯಲ್ಲೇ ಧರಣಿ ಹೂಡಿದರು. ಆದರೂ ಯೋಜನೆಯನ್ನು ಕೈಬಿಡಲಿಲ್ಲ, ಕಾಮಗಾರಿ 1987ರಲ್ಲಿ ಮುಗಿಯಿತು.

ಅದೇ 1987ರಲ್ಲಿ ಅವರ ಅಧ್ಯಕ್ಷತೆಯ ವಿಶ್ವ ಆಯೋಗವು ‘ನಮ್ಮೆಲ್ಲರ ಭವಿಷ್ಯ’ ಎಂಬ ವರದಿಯನ್ನು ಪ್ರಕಟಿಸಿತು. ಭಾರತದ ನಾಗೇಂದ್ರ ಸಿಂಗ್ ಆ ಆಯೋಗದ ಸದಸ್ಯರಾಗಿದ್ದರು. ಮುಂದಿನ ಪೀಳಿಗೆಯ ಅಗತ್ಯಗಳಿಗೆ ಕುಂದು ತಾರದೆ ಇಂದಿನವರ ಅಗತ್ಯಗಳನ್ನು ಪೂರೈಸುವುದೇ ಸುಸ್ಥಿರ ಅಭಿವೃದ್ಧಿ ಎಂಬುದು ಅದರ ಸಾರ. ಮೂಲನಿವಾಸಿಗಳ ನೆಲದ ಹಕ್ಕನ್ನು ಮಾನ್ಯಮಾಡಿ, ಅಲ್ಲಿನ ಸಂಪನ್ಮೂಲಗಳ ಕುರಿತ ನಿರ್ಧಾರದಲ್ಲಿ ಅವರಿಗೇ ನಿರ್ಣಾಯಕ ಸ್ಥಾನ ನೀಡಬೇಕೆಂದೂ ಅದು ಹೇಳಿತು. ಆಲ್ಟಾದಲ್ಲಿ ಸಾಮಿಗಳು ಕೇಳಿದ್ದೂ ಇದನ್ನೇ.

ನದಿ ಉಳಿಯಲಿಲ್ಲ, ಹೋರಾಟ ವ್ಯರ್ಥವಾಗಲೂ ಇಲ್ಲ: 1989ರಲ್ಲಿ ನಾರ್ವೆಯಲ್ಲಿ ಸಾಮಿ ಸಂಸತ್ತು ಆರಂಭವಾಯಿತು. ಮುಂದೆ 1998ರಿಂದ 2003ರವರೆಗೆ ಬ್ರಂಟ್‌ಲ್ಯಾಂಡ್ ವಿಶ್ವ ಆರೋಗ್ಯ ಸಂಸ್ಥೆಯನ್ನು ಮುನ್ನಡೆಸಿ, ತಂಬಾಕು ನಿಯಂತ್ರಣದ ಅಂತಾರಾಷ್ಟ್ರೀಯ ಒಪ್ಪಂದಕ್ಕೆ ಶ್ರಮಿಸಿದರು.

ಅವರ ವರದಿಯನ್ನು ನಾವು ಗೌರವದಿಂದಲೇ ಓದೋಣ. ಆದರೆ ಯಾವುದೇ ಯೋಜನೆಗೆ ‘ಸುಸ್ಥಿರ’ ಎಂಬ ಹೆಸರಿಟ್ಟು ತಂದಾಗ, ಅಲ್ಲಿ ವಾಸಿಸುವವರ ಮಾತಿಗೆ ಅದರಲ್ಲಿ ಎಷ್ಟು ಬೆಲೆಯಿದೆ ಎಂದು ಮೊದಲು ಕೇಳೋಣ.