ಕೇಳಿಸದ ಮಗುವೋ, ಕೇಳದ ಮಗುವೋ?

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ನಾನು ಭಾಷಾ ಶಿಕ್ಷಕ, ವೈದ್ಯನಲ್ಲ. ಆದರೂ ಇಂದು ಕಿವಿಯ ರಚನೆಯ ಕುರಿತು ನಾಲ್ಕು ಮಾತು ಹೇಳಬಯಸುತ್ತೇನೆ. ಅದಕ್ಕೆ ನನ್ನದೇ ಒಂದು ತಪ್ಪು ಕಾರಣ.

ನನ್ನ ತರಗತಿಯ ಕೊನೆಯ ಬೆಂಚಿನ ಬಾಲಕಿಯೊಬ್ಬಳು ಉಕ್ತಲೇಖನದಲ್ಲಿ ಸದಾ ತಪ್ಪು ಬರೆಯುತ್ತಿದ್ದಳು. ಕನ್ನಡದಲ್ಲೂ ಅಷ್ಟೇ, ಉರ್ದು ಇಮ್ಲಾದಲ್ಲೂ ಅಷ್ಟೇ. 'ಪಾಠದ ಕಡೆ ಗಮನವಿಲ್ಲ' ಎಂದು ಹಲವು ಸಲ ಗದರಿದ್ದೆ. ಒಂದು ದಿನ ಓಡಾಡುತ್ತಾ ಪದ ಹೇಳುವಾಗ ಅವಳ ಪಕ್ಕದಲ್ಲೇ ನಿಂತುಬಿಟ್ಟೆ. ಅಂದು ಹತ್ತರಲ್ಲಿ ಒಂಬತ್ತು ಸರಿ! ತಾಯಿಯನ್ನು ಕರೆಸಿ ವಿಚಾರಿಸಿದೆ. "ಚಿಕ್ಕಂದಿನಿಂದ ಕಿವಿ ಸೋರುತ್ತೆ ಸಾರ್, ಎಣ್ಣೆ ಕಾಯಿಸಿ ಬಿಡ್ತೀವಿ" ಎಂದರು. ಪರೀಕ್ಷಿಸಿದ ವೈದ್ಯರು ಕಿವಿಯ ತಮಟೆಯಲ್ಲಿ ತೂತಾಗಿದೆ ಎಂದರು. ಕೇಳಿಸದ ಮಗುವನ್ನು ನಾನು ಮಾತು ಕೇಳದ ಮಗು ಎಂದು ತಿಳಿದಿದ್ದೆ!

ಹಾಗಾದರೆ ಈ ತಮಟೆ ಎಂದರೇನು? ಕಿವಿಯಲ್ಲಿ ಮೂರು ಭಾಗಗಳಿವೆ: ಹೊರಕಿವಿ, ನಡುಕಿವಿ, ಒಳಕಿವಿ. ಹೊರಕಿವಿ ಶಬ್ದದ ಅಲೆಗಳನ್ನು ಸುಮಾರು 2.5 ಸೆಂ.ಮೀ. ಉದ್ದದ ನಾಳದ ಮೂಲಕ ಒಳಗೆ ಕಳುಹಿಸುತ್ತದೆ. ನಾಳದ ಕೊನೆಯಲ್ಲಿರುವ ತೆಳುವಾದ ಪೊರೆಯೇ ತಮಟೆ. ಅಲೆ ಬಡಿದಾಗ ಅದು ಕಂಪಿಸುತ್ತದೆ.

ತಮಟೆಯ ಹಿಂದೆ ನಡುಕಿವಿ. ಅಲ್ಲಿ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಪುಟ್ಟ ಮೂಳೆಗಳಿವೆ. ಕುದುರೆ ಸವಾರ ಕಾಲಿಡುವ ಬಳೆಯನ್ನು ಉರ್ದುವಿನಲ್ಲಿ 'ರಿಕಾಬ್' ಎನ್ನುತ್ತೇವಲ್ಲವೇ? ಅದೇ ಆಕಾರ, ಅದೇ ಹೆಸರು. ಸುಮಾರು 3 ಮಿ.ಮೀ. ಉದ್ದದ ಇದು ದೇಹದಲ್ಲೇ ಅತಿ ಚಿಕ್ಕ ಮೂಳೆ. ತಮಟೆಯ ಕಂಪನವನ್ನು ಈ ಮೂರೂ ಸೇರಿ ಒಳಕಿವಿಗೆ ದಾಟಿಸುತ್ತವೆ. ತಮಟೆ ತೂತಾದರೆ ಕಂಪನ ಸೊರಗುತ್ತದೆ. ಹತ್ತಿರದ ಮಾತು ಕೇಳಿಸಿದರೂ ದೂರದ್ದು ಅಸ್ಪಷ್ಟವಾಗುತ್ತದೆ. ಆ ಬಾಲಕಿಗೆ ಆದದ್ದು ಇದೇ.

ನಡುಕಿವಿಯಿಂದ ಗಂಟಲಿಗೆ ಒಂದು ನಳಿಕೆಯಿದೆ. ಮಕ್ಕಳಲ್ಲಿ ಇದು ಗಿಡ್ಡ, ಹೆಚ್ಚು ಅಡ್ಡವಾಗಿಯೂ ಇರುತ್ತದೆ. ಆದ್ದರಿಂದಲೇ ನೆಗಡಿಯ ಸೋಂಕು ಬೇಗ ಕಿವಿಗೆ ಹತ್ತುತ್ತದೆ.

ಇನ್ನು ಒಳಕಿವಿ. ಬಸವನ ಹುಳುವಿನ ಚಿಪ್ಪಿನಂತೆ ಸುಮಾರು ಎರಡೂವರೆ ಸುತ್ತು ಸುತ್ತಿರುವ ಶಂಖದಲ್ಲಿ ದ್ರವವೂ ಸುಮಾರು 15,000 ರೋಮಕೋಶಗಳೂ ಇವೆ. ಇವು ಕಂಪನವನ್ನು ವಿದ್ಯುತ್ ಸಂಕೇತವಾಗಿಸಿ ನರದ ಮೂಲಕ ಮೆದುಳಿಗೆ ಕಳುಹಿಸುತ್ತವೆ. ಶಂಖದ ಈ ಕೆಲಸವನ್ನು ವಿವರಿಸಿದ ಬೆಕೆಸಿ ಅವರಿಗೆ 1961ರಲ್ಲಿ ನೊಬೆಲ್ ಬಹುಮಾನ ಬಂತು. ಪಕ್ಕದಲ್ಲಿರುವ ಮೂರು ಅರ್ಧವೃತ್ತ ನಾಲೆಗಳು ದೇಹದ ಸಮತೋಲನ ಕಾಯುತ್ತವೆ.

ತಮಟೆಯ ತೂತನ್ನು ಶಸ್ತ್ರಚಿಕಿತ್ಸೆಯಿಂದ ಮುಚ್ಚಬಹುದು. ಆದರೆ ನಾಶವಾದ ರೋಮಕೋಶ ಮತ್ತೆ ಹುಟ್ಟುವುದಿಲ್ಲ. ವಿದ್ಯಾರ್ಥಿಗಳೇ, ಇಯರ್‌ಫೋನಿನ ಶಬ್ದ ಏರಿಸುವಾಗ ಇದು ನೆನಪಿರಲಿ. ಕಡ್ಡಿ, ಪಿನ್ನು ಹಾಕಬೇಡಿ. ಗುಗ್ಗೆ ಹೊಲಸಲ್ಲ, ಧೂಳು ತಡೆಯುವ ಕಾವಲುಗಾರ. ಹೆತ್ತವರೇ, ಸೋರುವ ಕಿವಿಗೆ ಎಣ್ಣೆ ಬಿಡದೆ ವೈದ್ಯರಿಗೆ ತೋರಿಸಿ. ಶಿಕ್ಷಕರೇ, ಕಪಾಳಕ್ಕೆ ಬಿದ್ದ ಒಂದೇ ಏಟಿಗೂ ತಮಟೆ ಹರಿಯಬಹುದು. ನಮ್ಮ ಮೈಸೂರಿನಲ್ಲೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ; ಶ್ರವಣ ಪರೀಕ್ಷೆಗೆ ಸಂಕೋಚ ಬೇಡ.

ಆ ಬಾಲಕಿ ಈಗ ಚಿಕಿತ್ಸೆ ಪಡೆಯುತ್ತಾ ಮೊದಲ ಬೆಂಚಿನಲ್ಲಿ ಕೂರುತ್ತಾಳೆ. ನಿಮ್ಮ ಕೊನೆಯ ಬೆಂಚಿನಲ್ಲಿಯೂ ಅಂಥ ಮಗುವಿರಬಹುದು. ಗದರುವ ಮೊದಲು ಒಮ್ಮೆ ಹತ್ತಿರ ಹೋಗಿ ಮಾತನಾಡಿಸಿ.