ಸರಪಳಿ ಬೀಸುವ ಟ್ಯಾಂಕ್

ಎರಡನೆಯ ಮಹಾಯುದ್ಧದ ವಿಲಕ್ಷಣ ಕವಚವಾಹನಗಳ ಪೈಕಿ, ಪ್ಲಾಸ್ಟಿಕ್ ಮಾದರಿ ಕಟ್ಟುವವರ ತಾಳ್ಮೆಯನ್ನು ಬಹುವಾಗಿ ಬೇಡುವುದು ಶೆರ್ಮನ್ ಕ್ರ್ಯಾಬ್, ಅಂದರೆ ಹೂತಿಟ್ಟ ನೆಲಬಾಂಬುಗಳನ್ನು ಸರಪಳಿಗಳಿಂದ ಬಡಿದು ಸಿಡಿಸುತ್ತ ಹಿಂದೆ ಬರುವ ಕಾಲಾಳುಗಳಿಗೆ ದಾರಿ ಮಾಡುತ್ತಿದ್ದ ಬ್ರಿಟಿಷ್ ಟ್ಯಾಂಕ್. ಮೇಜರ್ ಜನರಲ್ ಪರ್ಸಿ ಹೊಬಾರ್ಟ್ ಅವರ 79ನೆಯ ಕವಚಿತ ಡಿವಿಷನ್ 1944ರ ಜೂನ್ 6ರಂದು ನಾರ್ಮಂಡಿಯ ಕಡಲತೀರಕ್ಕೆ ಇಳಿಸಿದ ವಿಶೇಷ ವಾಹನಗಳಲ್ಲಿ ಇದೂ ಒಂದು. ಮುಂಚಾಚಿದ ಎರಡು ತೋಳುಗಳ ನಡುವಣ ಉರುಳೆಗೆ 43 ಸರಪಳಿಗಳನ್ನು ಕಟ್ಟಲಾಗಿದ್ದು, ಟ್ಯಾಂಕಿನ ಎಂಜಿನ್ನೇ ಅದನ್ನು ತಿರುಗಿಸುತ್ತಿತ್ತು. ಬಡಿಯುವಾಗಿನ ವೇಗ ಗಂಟೆಗೆ ಸುಮಾರು 2 ಕಿ.ಮೀ., ಮನುಷ್ಯನ ನಡಿಗೆಗಿಂತಲೂ ನಿಧಾನ.

ಮಾದರಿಯ ಅಳತೆ ಸಾಮಾನ್ಯವಾಗಿ 1:35, ಅಂದರೆ ಮೂಲದ 35 ಸೆಂ.ಮೀ. ಇಲ್ಲಿ 1 ಸೆಂ.ಮೀ. ಆಗುವುದರಿಂದ, ಸುಮಾರು 6 ಮೀಟರ್ ಉದ್ದದ ಒಡಲು 17 ಸೆಂ.ಮೀ.ಗೆ ಇಳಿಯುತ್ತದೆ. ಕಷ್ಟವಿರುವುದು ಸರಪಳಿಯಲ್ಲಿ. ಅಚ್ಚಿನಲ್ಲಿ ಮೂಡಿದ ಪ್ಲಾಸ್ಟಿಕ್ ಸರಪಳಿ ಕಡ್ಡಿಯಂತೆ ಸೆಟೆದು ನಿಲ್ಲುವುದರಿಂದ, ಶ್ರದ್ಧೆಯುಳ್ಳವರು ಲೋಹದ ಸಣ್ಣ ಸರಪಳಿಯನ್ನು ಅಳೆದು ಕತ್ತರಿಸಿ, ಒಂದೊಂದನ್ನೂ ಚಿಮಟದಲ್ಲಿ ಹಿಡಿದು ಅಂಟಿಸಿ, ಅದು ತನ್ನ ಭಾರಕ್ಕೆ ತಾನೇ ಜೋತುಬೀಳುವಂತೆ ಮಾಡುತ್ತಾರೆ. ಈ ಶ್ರಮವಿಲ್ಲದೆ ಕ್ರ್ಯಾಬ್‌ಗೆ ಜೀವ ಬರುವುದಿಲ್ಲ.

ಇನ್ನೊಂದು ಸೂಕ್ಷ್ಮವೂ ಇದೆ. ನೆಲ ಬಡಿಯುವಾಗ ಟರೆಟ್ಟನ್ನು, ಅಂದರೆ ಫಿರಂಗಿ ಹೊತ್ತ ತಿರುಗುವ ಗೋಪುರವನ್ನು, ಹಿಂದಕ್ಕೆ ತಿರುಗಿಸಿಡುತ್ತಿದ್ದುದರಿಂದ, ಕೆಲಸದಲ್ಲಿ ತೊಡಗಿದ ಕ್ರ್ಯಾಬ್‌ನ ಮಾದರಿಯಲ್ಲಿ ನಳಿಗೆ ಹಿಂದಕ್ಕೇ ಚಾಚಿರಬೇಕು, ಒಡಲಿನ ಮುಂಭಾಗಕ್ಕೆ ಮಣ್ಣು ದಪ್ಪವಾಗಿ ಮೆತ್ತಿರಬೇಕು, ಸರಪಳಿಯ ತುದಿಯ ಕೊಂಡಿಗಳಲ್ಲಿ ಬಣ್ಣ ಸವೆದು ಬರಿಯ ಲೋಹ ಹೊಳೆಯಬೇಕು.