ಐವತ್ತನಾಲ್ಕು ವರ್ಷ ಕಾದ ಅಭಿಮಾನಿ



ಗೆಲ್ಲುವ ತಂಡಕ್ಕೆ ಅಭಿಮಾನಿಗಳು ತಾವಾಗಿಯೇ ಹುಟ್ಟಿಕೊಳ್ಳುತ್ತಾರೆ. ವರ್ಷ ವರ್ಷವೂ ಸೋಲುವ ತಂಡವನ್ನು ನೆಚ್ಚಿಕೊಂಡವರನ್ನು ಕಂಡರೆ ಮಾತ್ರ ನಮಗೆ ನಗು ಬರುತ್ತದೆ. ನಾನೂ ಹಾಗೆ ನಕ್ಕವನೇ. ನಾನು ನಕ್ಕದ್ದು ಹುಬ್ಬಳ್ಳಿಯ ನನ್ನ ಸೋದರಮಾವನನ್ನು ನೋಡಿ. ಅವರ ಕಥೆಯಲ್ಲಿ ಸ್ವಲ್ಪ ಚರಿತ್ರೆ ಇದೆ, ಸ್ವಲ್ಪ ಗಣಿತವೂ ಇದೆ. ಆದ್ದರಿಂದ ನಿಮಗೆ ಹೇಳಬೇಕೆನಿಸಿತು.

ಮಾವ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರು. ಅವರಿಗೆ ಫುಟ್‌ಬಾಲ್ ಹುಚ್ಚು ಹಿಡಿದದ್ದು ಹೈಸ್ಕೂಲಿನಲ್ಲಿದ್ದಾಗ. ರಾಜ್ಯ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿಯನ್ನು ನಮ್ಮ ರಾಜ್ಯ 1967-68 ಮತ್ತು 1968-69ರಲ್ಲಿ ಸತತ ಎರಡು ಸಲ ಗೆದ್ದಿತು. ಅದಕ್ಕೂ ಮೊದಲು 1946-47 ಮತ್ತು 1952-53ರಲ್ಲಿ ಗೆದ್ದಿತ್ತು. ನಾಲ್ಕು ಸಲವೂ ಫೈನಲ್ಲಿನಲ್ಲಿ ಸೋತದ್ದು ಬಂಗಾಳ. ಆ ಕಾಲದ ಆಟಗಾರರ ಹೆಸರುಗಳು ಮಾವನ ನಾಲಿಗೆಯ ತುದಿಯಲ್ಲಿದ್ದವು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಅದಕ್ಕೂ ಹಿಂದೆ, 1937ರಲ್ಲಿ, ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಗೆ ಹೋಗಿ ರೋವರ್ಸ್ ಕಪ್ ಗೆದ್ದು ಬಂದಿತ್ತು.

ಆಗ ರಾಜ್ಯದ ಹೆಸರು ಮೈಸೂರು. 1973ರ ನವೆಂಬರ್ 1ರಂದು ಅದು ಕರ್ನಾಟಕವಾಯಿತು. ಹೊಸ ಹೆಸರಿನಲ್ಲಿ ಟ್ರೋಫಿ ಮಾತ್ರ ಬರಲಿಲ್ಲ. 1975-76ರಲ್ಲಿ ಫೈನಲ್ ತಲುಪಿದ ತಂಡ ಬಂಗಾಳಕ್ಕೆ ಸೋತಿತು. ಆಮೇಲೆ ಬರೀ ಕಾಯುವುದೇ ಆಯಿತು.

ಮಾವನ ಬಳಿ ಒಂದು ಉದ್ದನೆಯ ಲೆಕ್ಕದ ಪುಸ್ತಕವಿತ್ತು. ಎಡಗಡೆ ಆ ವರ್ಷದ ಫಲಿತಾಂಶ, ಬಲಗಡೆ ‘ಮುಂದಿನ ಸಲಕ್ಕೆ’ ಎಂಬ ತಲೆಬರಹ. ಮನೆಯಲ್ಲಿ ಎಲ್ಲರಿಗೂ ಅದೊಂದು ತಮಾಷೆ. ನಾನು ಧಾರವಾಡದಲ್ಲಿ ಬಿ.ಎಸ್‌ಸಿ. ಓದುತ್ತಿದ್ದಾಗ, ಹೊಸದಾಗಿ ಕಲಿತ ಸಂಭವನೀಯತೆಯ ಪಾಠವನ್ನು ಹಿಡಿದುಕೊಂಡು ಅವರ ಮುಂದೆ ಕುಳಿತೆ.

ಆ ಲೆಕ್ಕವನ್ನು ನೀವೂ ಮಾಡಿ ನೋಡಿ. ಮೂವತ್ತು ತಂಡಗಳಿವೆ, ಎಲ್ಲವೂ ಸಮಬಲದವು ಎಂದುಕೊಳ್ಳಿ. ಒಂದು ಸಲ ಗೆಲ್ಲುವ ಸಂಭವ ಮೂವತ್ತರಲ್ಲಿ ಒಂದು. ಗೆಲ್ಲದಿರುವ ಸಂಭವ ಮೂವತ್ತರಲ್ಲಿ ಇಪ್ಪತ್ತೊಂಬತ್ತು. ಐವತ್ತು ಸಲ ಆಡಿಯೂ ಒಮ್ಮೆಯೂ ಗೆಲ್ಲದಿರುವ ಸಂಭವ ಎಷ್ಟು? 29/30 ಎಂಬ ಭಿನ್ನರಾಶಿಯನ್ನು ಐವತ್ತು ಸಲ ಗುಣಿಸಿದರೆ ಸುಮಾರು 0.18 ಬರುತ್ತದೆ. ಅಂದರೆ ನೂರಕ್ಕೆ ಹದಿನೆಂಟು. ಯಾವ ಶಾಪವೂ ಇಲ್ಲದೆ, ಯಾರ ತಪ್ಪೂ ಇಲ್ಲದೆ, ಅರ್ಧ ಶತಮಾನದ ಬರ ಬರಬಹುದು!

“ನೋಡ್ರಿ ಮಾಮಾ, ಇದು ದಾಳ ಉರುಳಿಸಿದಂಗ. ನೀವು ಸುಮ್ನ ಕಾಯಾಕತ್ತೀರಿ,” ಎಂದೆ.

ಮಾವ ನಕ್ಕರು. “ದಾಳಕ್ಕ ರೂಢಿ ಮಾಡ್ಸಾಕ ಬರೂದಿಲ್ಲೋ ತಮ್ಮಾ. ಹುಡುಗರಿಗೆ ಮಾಡ್ಸಾಕ ಬರತೈತಿ,” ಎಂದರು.

ಆ ಮಾತಿನಲ್ಲಿ ನನ್ನ ಲೆಕ್ಕದ ದೋಷವಿತ್ತು. ಮೂವತ್ತರಲ್ಲಿ ಒಂದು ಎಂಬ ಅಂಕಿಯನ್ನು ನಾನು ಸ್ಥಿರವೆಂದು ಭಾವಿಸಿದ್ದೆ. ಅದು ಏರಬಹುದು, ಇಳಿಯಲೂಬಹುದು. ನಮ್ಮಲ್ಲಿ ಅದು ಇಳಿಯಿತು. ಬೆಂಗಳೂರಿನ ಫುಟ್‌ಬಾಲಿಗೆ ಬೆನ್ನೆಲುಬಾಗಿದ್ದವು ಐ.ಟಿ.ಐ., ಎಚ್.ಎ.ಎಲ್.ನಂಥ ಕಾರ್ಖಾನೆಗಳ ತಂಡಗಳು. ಚೆನ್ನಾಗಿ ಆಡುವ ಹುಡುಗನಿಗೆ ಅಲ್ಲಿ ನೌಕರಿ ಸಿಗುತ್ತಿತ್ತು. ಮನೆಯವರು ಆಡಲು ಬಿಡುತ್ತಿದ್ದರು. ಅಂಥ ನೌಕರಿಗಳು ಕಡಿಮೆಯಾದಂತೆ ತಂಡಗಳೂ ಸೊರಗಿದವು. ಎಚ್.ಎ.ಎಲ್. ತಂಡ 2011-12ರಲ್ಲಿ ಐ-ಲೀಗಿನಿಂದ ಕೆಳಗಿಳಿಯಿತು. ಅದರ ಮರುವರ್ಷವೇ, 2013ರಲ್ಲಿ, ಬೆಂಗಳೂರು ಎಫ್.ಸಿ. ಎಂಬ ವೃತ್ತಿಪರ ಕ್ಲಬ್ಬು ಹುಟ್ಟಿ ಮೊದಲ ಪ್ರಯತ್ನದಲ್ಲೇ ಐ-ಲೀಗ್ ಗೆದ್ದಿತು. ಮಾವನಿಗೆ ಸಂತೋಷವಾಯಿತು, ಆದರೆ ಪುಸ್ತಕ ಮುಚ್ಚಲಿಲ್ಲ.

ಏಕೆಂದರೆ ಅವರ ಕಣ್ಣು ಮೈದಾನದ ಮೇಲಿತ್ತು. ಪ್ರತಿ ಭಾನುವಾರ ಬೆಳಿಗ್ಗೆ ಆರಕ್ಕೆ ಓಣಿಯ ಹುಡುಗರನ್ನು ಕೂಡಿಸಿ ಆಡಿಸುತ್ತಿದ್ದರು. ಹರಿದ ಚೆಂಡನ್ನು ತಾವೇ ಹೊಲಿಯುತ್ತಿದ್ದರು. ಒಂದು ವರ್ಷ ಎಡಗಾಲಿನಲ್ಲಿ ಅದ್ಭುತವಾಗಿ ಹೊಡೆಯುವ ಹುಡುಗನೊಬ್ಬ ಬಂದ. ಇವನು ರಾಜ್ಯಕ್ಕೆ ಆಡುತ್ತಾನೆ ಎಂದು ಮಾವ ಕಂಡಕಂಡವರಿಗೆ ಹೇಳಿದರು. ಹದಿನಾರು ತುಂಬುವ ಮೊದಲೇ ಅವನ ತಂದೆ ತೀರಿಕೊಂಡರು, ಅವನು ಗ್ಯಾರೇಜಿಗೆ ಸೇರಿದ. ಆ ರಾತ್ರಿ ಮಾವ ಊಟ ಮಾಡಲಿಲ್ಲ. ಪುಸ್ತಕದಲ್ಲಿ ಬರೆದದ್ದು ಒಂದೇ ಸಾಲು: ‘ಮುಂದಿನ ಸಲಕ್ಕೆ - ಹುಡುಗರ ಮನೆಯವರನ್ನೂ ಹೋಗಿ ಕಾಣಬೇಕು.’

ನಿಜ ಹೇಳಬೇಕೆಂದರೆ, ಮಾವ ಆಡಿಸಿದ ಹುಡುಗರಲ್ಲಿ ಯಾರೂ ರಾಜ್ಯ ತಂಡದವರೆಗೆ ಹೋಗಲಿಲ್ಲ. ಅಂಥ ನೂರಾರು ಮೈದಾನಗಳಿದ್ದರೆ ಮಾತ್ರ ಹನ್ನೊಂದು ಜನ ಸಿಗುತ್ತಾರೆ ಎಂಬುದು ಅವರ ಸಮಾಧಾನ. ಮೂವತ್ತರಲ್ಲಿ ಒಂದು ಎಂಬುದು ಹತ್ತರಲ್ಲಿ ಒಂದು ಆದರೆ ಏನಾಗುತ್ತದೆ? ಹತ್ತು ವರ್ಷದಲ್ಲಿ ಒಮ್ಮೆಯಾದರೂ ಗೆಲ್ಲುವ ಸಂಭವ ನೂರಕ್ಕೆ ಅರವತ್ತೈದು ಆಗುತ್ತದೆ. ಲೆಕ್ಕ ಹಾಕಿ ನೋಡಿ.

2023ರ ಮಾರ್ಚ್ 4ರ ರಾತ್ರಿ. ಸಂತೋಷ್ ಟ್ರೋಫಿಯ ಫೈನಲ್ ಮೊದಲ ಬಾರಿಗೆ ವಿದೇಶದಲ್ಲಿ, ಸೌದಿ ಅರೇಬಿಯಾದ ರಿಯಾದ್‌ನಲ್ಲಿ. ಎದುರಾಳಿ ಮೇಘಾಲಯ. ಮಾವ, ನಾನು ಮತ್ತು ನಾಲ್ಕಾರು ಹುಡುಗರು ಒಂದು ಮೊಬೈಲಿನ ಸುತ್ತ ಕುಳಿತಿದ್ದೆವು. ಎರಡನೆಯ ನಿಮಿಷದಲ್ಲೇ ಸುನಿಲ್ ಕುಮಾರ್ ಗೋಲು ಹೊಡೆದರು. ಎಂಟನೆಯ ನಿಮಿಷದಲ್ಲಿ ಮೇಘಾಲಯ ಪೆನಾಲ್ಟಿಯಿಂದ ಸಮ ಮಾಡಿತು. ಬೆಕೆ ಓರಂ ಮತ್ತೆ ಮುನ್ನಡೆ ತಂದರು. ವಿರಾಮಕ್ಕೆ ಸ್ವಲ್ಪ ಮುಂಚೆ ರಾಬಿನ್ ಯಾದವ್ ಫ್ರೀ ಕಿಕ್ಕಿನಿಂದ ಮೂರನೆಯದನ್ನು ಸೇರಿಸಿದರು. ಅರವತ್ತನೆಯ ನಿಮಿಷದಲ್ಲಿ ಮೇಘಾಲಯ ಇನ್ನೊಂದು ಹೊಡೆದಾಗ ಮಾವ ಎದ್ದು ಹೊರಗೆ ಹೋಗಿಬಿಟ್ಟರು. ಉಳಿದ ಅರ್ಧ ಗಂಟೆ ಕಟ್ಟೆಯ ಮೇಲೆ ಕುಳಿತು, ಒಳಗಿನ ನಮ್ಮ ಕೂಗಿನಿಂದಲೇ ಆಟವನ್ನು ಊಹಿಸಿದರು. 3-2. ಐವತ್ತನಾಲ್ಕು ವರ್ಷಗಳ ನಂತರ ಟ್ರೋಫಿ ಮರಳಿತು. ಕರ್ನಾಟಕ ಎಂಬ ಹೆಸರಿನಲ್ಲಿ ಮೊದಲ ಸಲ.

ಮರುದಿನ ಭಾನುವಾರ. ಆರು ಗಂಟೆಗೆ ಮಾವ ಮೈದಾನದಲ್ಲಿದ್ದರು. ಪುಸ್ತಕದ ಎಡಗಡೆ ‘ಗೆದ್ದೆವು’ ಎಂದು ಬರೆದಿದ್ದರು. ಬಲಗಡೆ ಏನಿದೆ ಎಂದು ಇಣುಕಿ ನೋಡಿದೆ: ‘ಮುಂದಿನ ಸಲಕ್ಕೆ - ಎರಡು ಹೊಸ ಚೆಂಡು.’

ಮಿತ್ರರೇ, ನಿಮ್ಮ ಶಾಲೆಯಲ್ಲೋ ಕಾಲೇಜಿನಲ್ಲೋ ಸೋಲುತ್ತಲೇ ಇರುವ ಒಂದು ತಂಡ ಇದ್ದೀತು. ಅದು ಆಟದ ತಂಡವೇ ಆಗಬೇಕೆಂದಿಲ್ಲ; ನಾಟಕದ್ದಾಗಬಹುದು, ವಿಜ್ಞಾನ ಸಂಘವಾಗಬಹುದು. ಅದು ಯಾವಾಗ ಗೆದ್ದೀತು ಎಂದು ಕೇಳುವ ಮೊದಲು ಒಂದು ಪುಟದ ನಡುವೆ ಗೆರೆ ಎಳೆಯಿರಿ. ಎಡಗಡೆ ಆದದ್ದನ್ನು ಬರೆಯಿರಿ. ಬಲಗಡೆ, ಬರುವ ಭಾನುವಾರದೊಳಗೆ ನಿಮ್ಮ ಕೈಯಿಂದ ಆಗಬಹುದಾದ ಒಂದೇ ಒಂದು ಕೆಲಸವನ್ನು ಬರೆಯಿರಿ.